ಮಾಹಿತಿ ವಿಜ್ಞಾನದಲ್ಲಿ ಪಿಎಚ್.ಡಿ.: ಪ್ರಶ್ನೆ ಹುಡುಕುವುದರಿಂದ ವೈವಾ ತನಕ

ಪಿಎಚ್.ಡಿ. ಮಾಡಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಕೇಳುವುದು, "ಯಾವ ವಿಶ್ವವಿದ್ಯಾಲಯ ಒಳ್ಳೆಯದು?" ಅಂತ. ನಾನು ಅವರನ್ನು ತಿರುಗಿ ಕೇಳುತ್ತೇನೆ: "ನಿಮಗೆ ಏನು ತಿಳಿಯಬೇಕಾಗಿದೆ?" ಇದಕ್ಕೆ ಎರಡು ವಾಕ್ಯದಲ್ಲಿ ಉತ್ತರ ಕೊಡಬಲ್ಲವರಿಗೆ ಮುಂದಿನ ದಾರಿ ಎಷ್ಟೋ ಸಲೀಸು. ಗೈಡ್ ಯಾರಾಗಬೇಕು, ಎಲ್ಲಿ ಸೇರಬೇಕು, ಯಾವ ವಿಧಾನ ಕಲಿಯಬೇಕು, ಏನು ಓದಬೇಕು, ಇವೆಲ್ಲ ಆ ಎರಡು ವಾಕ್ಯದಿಂದಲೇ ಹುಟ್ಟುತ್ತವೆ. ಪ್ರಶ್ನೆ ಇಲ್ಲದೆ ಸೇರಿದವರು ಬೇರೆಯವರ ಪ್ರಶ್ನೆಯನ್ನು ನಾಲ್ಕೈದು ವರ್ಷ ಹೊತ್ತುಕೊಂಡು ತಿರುಗಬೇಕಾಗುತ್ತದೆ. ಅದು ತುಂಬಾ ಭಾರ. ಅದಕ್ಕೇ ಈ ಬರಹದಲ್ಲಿ ಪ್ರಶ್ನೆಯ ಬಗ್ಗೆ ಜಾಸ್ತಿ ಹೇಳುತ್ತೇನೆ.

ಮೊದಲು, ಇದು ಯಾವ ಶಾಸ್ತ್ರ?

ಮಾಹಿತಿ ವಿಜ್ಞಾನ ಅಂದರೆ ಕೆಲವರು ಕಂಪ್ಯೂಟರ್ ಅಂದುಕೊಳ್ಳುತ್ತಾರೆ, ಕೆಲವರು ಗ್ರಂಥಾಲಯ ಅಂದುಕೊಳ್ಳುತ್ತಾರೆ. ಎರಡರ ಜೊತೆಗೂ ಇದಕ್ಕೆ ನಂಟಿದೆ. ಆದರೆ ಇದರ ಮುಖ್ಯ ಕುತೂಹಲ ಬೇರೆ: ಮನುಷ್ಯರಿಗೂ ಮಾಹಿತಿಗೂ ನಡುವೆ ಏನು ನಡೆಯುತ್ತದೆ? ಜನ ಮಾಹಿತಿಯನ್ನು ಹೇಗೆ ಹುಡುಕುತ್ತಾರೆ, ಯಾವುದನ್ನು ನಂಬುತ್ತಾರೆ, ಹೇಗೆ ಜೋಡಿಸಿಡುತ್ತಾರೆ, ಯಾವುದು ಕಳೆದುಹೋಗುತ್ತದೆ?

1920ರ ದಶಕದ ಕೊನೆಯಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಗ್ರಂಥಾಲಯ ವಿಜ್ಞಾನಕ್ಕೆ ಪಿಎಚ್.ಡಿ. ಹಂತದ ಓದನ್ನು ತಂದಿತು. ಮುಂದೆ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಅನ್ನುವ ಗ್ರಂಥಪಾಲಕರು ಹುಡುಕಾಟವನ್ನು ಅಳೆಯಬಹುದು ಅಂತ ಪ್ರಯೋಗ ಮಾಡಿ ತೋರಿಸಿದರು. ಅವರ ಎರಡನೇ ಪ್ರಯೋಗದಿಂದ ಉಳಿದು ಬಂದ ಸಂಗ್ರಹದಲ್ಲಿ 1,400 ದಾಖಲೆಗಳಿವೆ, 225 ಪ್ರಶ್ನೆಗಳಿವೆ. ಇಂದಿನ ಸರ್ಚ್ ಎಂಜಿನ್ ಪರೀಕ್ಷೆಗಳ ಬೇರು ಅಲ್ಲಿದೆ. 1972ರಲ್ಲಿ ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ ಒಂದು ಸರಳ ಮಾತು ಹೇಳಿದರು: ಎಲ್ಲ ದಾಖಲೆಗಳಲ್ಲೂ ಬರುವ ಪದಕ್ಕಿಂತ ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕು. ಅದು ಇವತ್ತಿಗೂ ಬಳಕೆಯಲ್ಲಿದೆ. 1989ರಲ್ಲಿ ಅಮೆರಿಕದ ಮಾಹಿತಿ ವಿಜ್ಞಾನಿ ಮಾರ್ಶಿಯಾ ಬೇಟ್ಸ್ ಇನ್ನೊಂದು ಕಡೆಯಿಂದ ನೋಡಿದರು. ಜನ ಒಂದೇ ಸಲಕ್ಕೆ ಹುಡುಕಿ ಮುಗಿಸುವುದಿಲ್ಲ. ಪೊದೆಯಿಂದ ಪೊದೆಗೆ ಹೋಗಿ ಹಣ್ಣು ಆಯುವ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ಆಯುತ್ತಾರೆ. ಆಯುತ್ತಾ ಹೋದಂತೆ ಅವರ ಪ್ರಶ್ನೆಯೂ ಬದಲಾಗುತ್ತದೆ ಅಂದರು.

ಒಂದು ಕಡೆ ಅಳತೆ, ಇನ್ನೊಂದು ಕಡೆ ಮನುಷ್ಯ. ಈ ಶಾಸ್ತ್ರದ ಬಹುಪಾಲು ಕೆಲಸ ಇವೆರಡರ ನಡುವೆ ಎಲ್ಲೋ ಇರುತ್ತದೆ. ನೀವು ಯಾವ ಕಡೆಗೆ ವಾಲುತ್ತೀರಿ ಅಂತ ಮೊದಲು ತಿಳಿದುಕೊಳ್ಳಿ. ಇನ್ನೊಂದು ಎಚ್ಚರಿಕೆ: ಕೆಲವು ಕಡೆ ಇದೇ ಹೆಸರಿನ ವಿಭಾಗದಲ್ಲಿ ಪೂರ್ತಿ ಕಂಪ್ಯೂಟರ್ ಎಂಜಿನಿಯರಿಂಗ್ ಕಲಿಸುತ್ತಾರೆ. ಹೆಸರು ನೋಡಿ ಅರ್ಜಿ ಹಾಕಬೇಡಿ. ಅಲ್ಲಿಂದ ಹೊರಬಂದ ಮಹಾಪ್ರಬಂಧಗಳ ಶೀರ್ಷಿಕೆ ನೋಡಿ.

ಹೆಜ್ಜೆ 1: ಪ್ರಶ್ನೆಯನ್ನು ಕಡೆದು ತೆಗೆಯಿರಿ

"ಸೋಶಿಯಲ್ ಮೀಡಿಯಾದಲ್ಲಿ ಮಾಹಿತಿ" ಅನ್ನುವುದು ವಿಷಯ, ಪ್ರಶ್ನೆಯಲ್ಲ. ವಿಷಯದಿಂದ ಪ್ರಶ್ನೆಗೆ ಬರಲು ನಮ್ಮ ಶಾಸ್ತ್ರದಲ್ಲೇ ಒಂದು ಒಳ್ಳೆಯ ಉಪಕರಣವಿದೆ. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್, ಪುಸ್ತಕಗಳನ್ನು ವಿಷಯವಾರು ಜೋಡಿಸುವ ತಮ್ಮ ಕೋಲನ್ ವರ್ಗೀಕರಣದಲ್ಲಿ, ಯಾವ ವಿಷಯವನ್ನಾದರೂ ಐದು ಮುಖಗಳಾಗಿ ಬಿಡಿಸಬಹುದು ಅಂದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ಸ್ಥಳ, ಕಾಲ. ಅದನ್ನು ಅವರು ಮಾಡಿದ್ದು ಪುಸ್ತಕಗಳಿಗಾಗಿ. ಆದರೆ ಸಂಶೋಧನೆಯ ಪ್ರಶ್ನೆಗೂ ಇದು ಚೆನ್ನಾಗಿ ಹೊಂದುತ್ತದೆ. ಸ್ವಲ್ಪ ಸಡಿಲವಾಗಿ ತೆಗೆದುಕೊಂಡು, ಯಾರು, ಯಾವ ಮಾಹಿತಿ, ಏನು ಮಾಡುತ್ತಾರೆ, ಎಲ್ಲಿ, ಯಾವಾಗ ಅಂತ ಕೇಳಿಕೊಳ್ಳಿ.

ಹಾಗೆ ಕೇಳಿದಾಗ ಆ ಅಗಲವಾದ ವಿಷಯ ಹೀಗೆ ಆಗಬಹುದು: ಸಕ್ಕರೆ ಕಾಯಿಲೆ ಇದೆ ಅಂತ ಹೊಸದಾಗಿ ಗೊತ್ತಾದವರು, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಪಥ್ಯದ ಸಲಹೆಗಳಲ್ಲಿ ಯಾವುದನ್ನು ನಂಬಬೇಕು ಅಂತ ಮೊದಲ ಆರು ತಿಂಗಳಲ್ಲಿ ಹೇಗೆ ತೀರ್ಮಾನಿಸುತ್ತಾರೆ? ಈಗ ಯಾರ ಹತ್ತಿರ ಮಾತಾಡಬೇಕು ಅಂತ ಗೊತ್ತಾಯಿತು. ಯಾವ ಲೇಖನ ಓದಬೇಕು ಅಂತಲೂ ಗೊತ್ತಾಯಿತು. ಯಾವ ಗೈಡ್ ಹತ್ತಿರ ಹೋಗಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ, ಅಲ್ವಾ?

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಮೂರು ಸಲ ಒರೆಗೆ ಹಚ್ಚಿ. ಉತ್ತರ ನಿಮ್ಮ ಊಹೆಗೆ ವಿರುದ್ಧವಾಗಿ ಬರುವ ಸಾಧ್ಯತೆ ಇದೆಯಾ? ಇಲ್ಲದಿದ್ದರೆ ಅದು ಸಂಶೋಧನೆಯಲ್ಲ, ಮೊದಲೇ ಮಾಡಿಟ್ಟ ತೀರ್ಮಾನ. ಬೇಕಾದ ಡೇಟಾ ನಿಮ್ಮ ಕೈಗೆ ನಿಜವಾಗಿ ಸಿಗುತ್ತದೆಯಾ? ಉತ್ತರ ಸಿಕ್ಕರೆ ನಿಮ್ಮನ್ನು ಬಿಟ್ಟು ಇನ್ಯಾರಿಗೆ ಉಪಯೋಗ? ಮೂರನೆಯದು ತುಂಬಾ ಮುಖ್ಯ. ಅಮೆರಿಕದ ಮಾಹಿತಿ ವಿಜ್ಞಾನಿ ಡಾನ್ ಸ್ವಾನ್ಸನ್ ಅವರ 1986ರ ಕೆಲಸವನ್ನು ನೋಡಿ. ಮೀನೆಣ್ಣೆಯ ಬಗ್ಗೆ ಒಂದು ರಾಶಿ ಲೇಖನಗಳಿದ್ದವು. ಬೆರಳುಗಳಿಗೆ ರಕ್ತ ಸರಿಯಾಗಿ ಹರಿಯದ ರೇನೋ ಅನ್ನುವ ಕಾಯಿಲೆಯ ಬಗ್ಗೆ ಇನ್ನೊಂದು ರಾಶಿ ಇತ್ತು. ಎರಡೂ ಒಂದನ್ನೊಂದು ಉಲ್ಲೇಖಿಸುತ್ತಿರಲಿಲ್ಲ. ಸ್ವಾನ್ಸನ್ ವೈದ್ಯರಲ್ಲ. ಎರಡೂ ರಾಶಿಗಳನ್ನು ಪಕ್ಕಪಕ್ಕ ಇಟ್ಟು ಓದಿ, ಮೀನೆಣ್ಣೆ ಈ ಕಾಯಿಲೆಗೆ ಸಹಾಯ ಮಾಡಬಹುದು ಅನ್ನುವ ಊಹೆಯನ್ನು ಮುಂದಿಟ್ಟರು. ಪ್ರಕಟವಾಗಿದ್ದರೂ ಯಾರ ಕಣ್ಣಿಗೂ ಬೀಳದ ತಿಳಿವು ಇರಬಹುದಾ ಅನ್ನುವುದು ಅವರ ಪ್ರಶ್ನೆ. ಇದು ಅಪ್ಪಟ ಮಾಹಿತಿ ವಿಜ್ಞಾನದ ಪ್ರಶ್ನೆ. ಉತ್ತರ ಬೇಕಾಗಿದ್ದದ್ದು ಮಾತ್ರ ರೋಗಿಗಳಿಗೂ ವೈದ್ಯರಿಗೂ.

ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆಯಿರಿ. ಈ ಕ್ಷೇತ್ರ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅವರಿಗೆ ಅರ್ಥವಾಗದಿದ್ದರೆ ಮತ್ತೆ ಬರೆಯಿರಿ. ಇದಕ್ಕೆ ಎರಡು ಮೂರು ತಿಂಗಳು ಹಿಡಿದರೂ ಪರವಾಗಿಲ್ಲ.

ಹೆಜ್ಜೆ 2: ಗೈಡ್ ಹುಡುಕಿ

ನನ್ನ ಅಭಿಪ್ರಾಯ ಸ್ಪಷ್ಟ: ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ದೊಡ್ಡ ಹೆಸರಿನ ಕಡೆ ಸೇರಿ ಗೈಡ್ ಸಿಗದೆ ಒದ್ದಾಡುವುದಕ್ಕಿಂತ, ನಿಮ್ಮ ಪ್ರಶ್ನೆಯಲ್ಲಿ ಆಸಕ್ತಿ ಇರುವ, ಬರೆದದ್ದನ್ನು ಓದಿ ತಿದ್ದುವ ಒಬ್ಬರ ಹತ್ತಿರ ಇರುವುದು ಲೇಸು.

ಹುಡುಕುವುದು ಹೇಗೆ? ನಿಮ್ಮ ಪ್ರಶ್ನೆಗೆ ಹತ್ತಿರದ ಹತ್ತು ಲೇಖನ ಆರಿಸಿ. ಬರೆದವರು ಯಾರು, ಈಗ ಎಲ್ಲಿದ್ದಾರೆ, ಕಳೆದ ಮೂರು ವರ್ಷದಲ್ಲಿ ಏನು ಬರೆದಿದ್ದಾರೆ ನೋಡಿ. ಹಳೆಯ ಹೆಸರಾಂತ ಲೇಖನ ನೋಡಿ ಹೋದರೆ, ಅವರು ಆ ವಿಷಯ ಬಿಟ್ಟು ಹತ್ತು ವರ್ಷ ಆಗಿರಬಹುದು. ಈ ಕ್ಷೇತ್ರದ ಹಲವು ವಿಭಾಗಗಳು 2005ರಿಂದ ಐಸ್ಕೂಲ್ಸ್ ಅನ್ನುವ ಒಕ್ಕೂಟದಲ್ಲಿವೆ. ಅದರ ಸದಸ್ಯರ ಪಟ್ಟಿಯಿಂದ ಶುರುಮಾಡಬಹುದು. ಆದರೆ ಪಟ್ಟಿಯ ಹೊರಗೂ ಒಳ್ಳೆಯ ಗೈಡ್‌ಗಳಿದ್ದಾರೆ. ಗ್ರಂಥಾಲಯ ವಿಜ್ಞಾನ, ಸಂವಹನ, ಕಂಪ್ಯೂಟರ್ ವಿಜ್ಞಾನ, ಆರೋಗ್ಯ ಮಾಹಿತಿ ವಿಭಾಗಗಳಲ್ಲೂ ನೋಡಿ.

ಆಮೇಲೆ ಚಿಕ್ಕ ಇಮೇಲ್ ಬರೆಯಿರಿ. ಮೂರು ಪ್ಯಾರಾ ಸಾಕು. ಅವರ ಯಾವ ಲೇಖನ ಓದಿದಿರಿ, ಅದರಲ್ಲಿ ಯಾವ ಮಾತು ನಿಮ್ಮನ್ನು ಯೋಚನೆಗೆ ಹಚ್ಚಿತು. ನಿಮ್ಮ ಪ್ರಶ್ನೆ ಏನು. ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ. ಇಷ್ಟೇ. "ಗೌರವಾನ್ವಿತ ಪ್ರಾಧ್ಯಾಪಕರೇ" ಅಂತ ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಿದರೆ ಓದುವವರಿಗೆ ಕೂಡಲೇ ಗೊತ್ತಾಗುತ್ತದೆ. ಎರಡು ಮೂರು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಬಿಟ್ಟುಬಿಡಿ. ಉತ್ತರ ಬರದಿರುವುದು ನಿಮ್ಮ ಯೋಗ್ಯತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅವರು ಒಪ್ಪುವ ಲಕ್ಷಣ ಕಂಡರೆ ಅವರ ಈಗಿನ ವಿದ್ಯಾರ್ಥಿಗಳ ಹತ್ತಿರ ಮಾತಾಡಿ. ಈ ಹೆಜ್ಜೆಯನ್ನು ಮಾತ್ರ ಬಿಡಲೇಬೇಡಿ. ತಿಂಗಳಿಗೆ ಎಷ್ಟು ಸಲ ಸಿಗುತ್ತಾರೆ? ಕರಡು ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಲೇಖನದಲ್ಲಿ ಮೊದಲ ಹೆಸರು ಯಾರದ್ದು? ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು, ಬಿಟ್ಟವರು ಯಾಕೆ ಬಿಟ್ಟರು? ಉತ್ತರ ಕೊಡುವಾಗ ಅವರು ತಡವರಿಸಿದರೆ ಅದನ್ನೂ ಗಮನಿಸಿ.

ಹೆಜ್ಜೆ 3: ಅರ್ಜಿ ಮತ್ತು ಹಣ

ಪಿಎಚ್.ಡಿ. ಎಲ್ಲ ಕಡೆ ಒಂದೇ ಥರ ಇಲ್ಲ. ಅಮೆರಿಕದ ಮಾದರಿಯಲ್ಲಿ ಮೊದಲ ಒಂದೆರಡು ವರ್ಷ ಕೋರ್ಸ್‌ವರ್ಕ್, ಆಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ಪ್ರಸ್ತಾವನೆಯ ಮಂಡನೆ, ಕೊನೆಗೆ ಮಹಾಪ್ರಬಂಧ. ಒಟ್ಟು ಐದು ವರ್ಷ ಅಥವಾ ಇನ್ನೂ ಜಾಸ್ತಿ ಆಗಬಹುದು. ಬ್ರಿಟನ್ ಮಾದರಿಯಲ್ಲಿ ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ, ಮೊದಲ ದಿನದಿಂದಲೇ ನಿಮ್ಮ ಸಂಶೋಧನೆ. ವಿಧಾನಗಳನ್ನು ಇನ್ನೂ ಕಲಿಯಬೇಕಾದವರಿಗೆ ಮೊದಲನೆಯದು ಒಳ್ಳೆಯದು. ಪ್ರಶ್ನೆ ಗಟ್ಟಿಯಾಗಿ ಕೈಯಲ್ಲಿರುವವರಿಗೆ ಎರಡನೆಯದು.

ಪ್ರಸ್ತಾವನೆಯಲ್ಲಿ ಪ್ರಶ್ನೆ, ಈಗಾಗಲೇ ಗೊತ್ತಿರುವುದು, ಗೊತ್ತಿಲ್ಲದಿರುವುದು, ನೀವು ಹೋಗುವ ದಾರಿ, ವರ್ಷವಾರು ಯೋಜನೆ ಇರಲಿ. ಆಯ್ಕೆ ಮಾಡುವವರು ನೀವು ಬರೆದಂತೆಯೇ ಮಾಡುತ್ತೀರಿ ಅಂತ ನಂಬಿ ಕೂರುವುದಿಲ್ಲ. ನೀವು ಯೋಚಿಸುವ ರೀತಿ ಹೇಗಿದೆ ಅಂತ ನೋಡುತ್ತಾರೆ. ಶಿಫಾರಸು ಪತ್ರ ಬರೆಯುವವರಿಗೆ ಒಂದು ತಿಂಗಳು ಮೊದಲೇ ಹೇಳಿ, ಜೊತೆಗೆ ನಿಮ್ಮ ಒಂದು ಪುಟದ ಪ್ರಶ್ನೆಯನ್ನೂ ಕೊಡಿ.

ಹಣದ ಮಾತನ್ನು ಸಂಕೋಚ ಬಿಟ್ಟು ಕೇಳಿ. ಫೆಲೋಶಿಪ್ ಎಷ್ಟು ವರ್ಷ? ಅದು ಮುಗಿದ ಮೇಲೆ ಏನು? ಬದಲಿಗೆ ಪಾಠ ಮಾಡಬೇಕಾ, ವಾರಕ್ಕೆ ಎಷ್ಟು ಗಂಟೆ? ಸಮ್ಮೇಳನದ ಖರ್ಚು ಯಾರದ್ದು? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೆಲಸ ಮಾಡುತ್ತಲೇ ಓದುವವರಾದರೆ ವಾರದಲ್ಲಿ ಯಾವ ಗಂಟೆಗಳು ಸಂಶೋಧನೆಗೆ ಅಂತ ಮನೆಯವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ.

ಹೆಜ್ಜೆ 4: ಓದುವುದಕ್ಕೂ ಒಂದು ಲೆಕ್ಕ ಇದೆ

ಎಲ್ಲವನ್ನೂ ಓದಲು ಆಗುವುದಿಲ್ಲ. 1934ರಲ್ಲಿ ಬ್ರಿಟನ್ನಿನ ಗ್ರಂಥಪಾಲಕ ಸ್ಯಾಮ್ಯುಯೆಲ್ ಬ್ರ್ಯಾಡ್‌ಫರ್ಡ್ ಒಂದು ಸಂಗತಿ ಗಮನಿಸಿದರು. ಒಂದು ವಿಷಯದ ಲೇಖನಗಳಲ್ಲಿ ಮೂರನೇ ಒಂದು ಭಾಗ ಬೆರಳೆಣಿಕೆಯ ನಿಯತಕಾಲಿಕೆಗಳಲ್ಲೇ ಸಿಗುತ್ತದೆ. ಮುಂದಿನ ಮೂರನೇ ಒಂದು ಭಾಗಕ್ಕೆ ಅದರ ಹಲವು ಪಟ್ಟು ನಿಯತಕಾಲಿಕೆ ಜಾಲಾಡಬೇಕು. ಕೊನೆಯ ಭಾಗಕ್ಕೆ ಇನ್ನೂ ಹಲವು ಪಟ್ಟು. ಅಂದರೆ ಮೊದಲು ನಿಮ್ಮ ಪ್ರಶ್ನೆಯ ತಿರುಳಿನಲ್ಲಿರುವ ನಾಲ್ಕೈದು ನಿಯತಕಾಲಿಕೆ ಯಾವುವು ಅಂತ ಗುರುತಿಸಿ. ಅವುಗಳ ಹಿಂದಿನ ಹತ್ತು ವರ್ಷದ ಶೀರ್ಷಿಕೆಗಳನ್ನು ಒಂದೊಂದಾಗಿ ನೋಡಿ.

ಅಲ್ಲಿಂದ ಉಲ್ಲೇಖಗಳ ಎಳೆ ಹಿಡಿಯಿರಿ. ಒಂದು ಲೇಖನದ ಕೊನೆಯ ಪಟ್ಟಿ ನಿಮ್ಮನ್ನು ಹಿಂದಕ್ಕೆ ಕರೆದೊಯ್ಯುತ್ತದೆ. ಅದನ್ನು ಆಮೇಲೆ ಯಾರು ಉಲ್ಲೇಖಿಸಿದರು ಅನ್ನುವುದು ಮುಂದಕ್ಕೆ ಕರೆದೊಯ್ಯುತ್ತದೆ. ಹೀಗೆ ಮುಂದಕ್ಕೆ ಹೋಗುವ ಅನುಕೂಲ ವಿಜ್ಞಾನಿಗಳಿಗೆ ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ವಿಜ್ಞಾನ ಉಲ್ಲೇಖ ಸೂಚಿಯಿಂದ. ಇಂದು ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳಲ್ಲಿ ಒಂದು ಒತ್ತಿಗೆ ಸಿಗುತ್ತದೆ.

ಮೊದಲ ದಿನದಿಂದಲೇ ಜೊಟೆರೊ ಥರದ ಉಲ್ಲೇಖ ನಿರ್ವಹಣೆಯ ತಂತ್ರಾಂಶ ಬಳಸಿ. ಇದರ ಜೊತೆ ಒಂದು ಹುಡುಕಾಟದ ದಿನಚರಿ ಇಡಿ: ಯಾವ ದಿನ, ಯಾವ ಡೇಟಾಬೇಸ್, ಯಾವ ಪದ, ಎಷ್ಟು ಫಲಿತಾಂಶ, ಎಷ್ಟು ಉಳಿಸಿಕೊಂಡಿರಿ. ಮಾಹಿತಿ ಹುಡುಕಾಟವನ್ನೇ ಅಧ್ಯಯನ ಮಾಡುವವರು ತಮ್ಮ ಹುಡುಕಾಟದ ಲೆಕ್ಕ ಕೊಡಲಾಗದಿದ್ದರೆ ಪರೀಕ್ಷಕರ ಮುಂದೆ ತಬ್ಬಿಬ್ಬಾಗಬೇಕಾಗುತ್ತದೆ. ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ಮೂಲ ಲೇಖನ ತೆರೆದು ನೋಡದೆ ಪಟ್ಟಿಗೆ ಸೇರಿಸಬೇಡಿ. ಇಲ್ಲದ ಲೇಖನಕ್ಕೂ ಅವು ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಕೊಟ್ಟುಬಿಡುತ್ತವೆ.

ಹೆಜ್ಜೆ 5: ವಿಧಾನ, ಡೇಟಾ, ಜನರ ನಂಬಿಕೆ

ಪ್ರಶ್ನೆಯೇ ವಿಧಾನವನ್ನು ಆರಿಸಬೇಕು. "ಹೇಗೆ ತೀರ್ಮಾನಿಸುತ್ತಾರೆ" ಅಂತ ಕೇಳಿದರೆ ಸಂದರ್ಶನ, ದಿನಚರಿ, ಜೊತೆಗೆ ಕೂತು ಗಮನಿಸುವುದು. "ಎಷ್ಟು ಜನ" ಅಂದರೆ ಸಮೀಕ್ಷೆ. "ಈ ವ್ಯವಸ್ಥೆ ಅದಕ್ಕಿಂತ ಚೆನ್ನಾಗಿ ಹುಡುಕುತ್ತದೆಯಾ" ಅಂದರೆ ಕ್ಲೆವರ್ಡನ್ ಅವರದರ ಹಾಗೆ ದಾಖಲೆ, ಪ್ರಶ್ನೆಗಳಿರುವ ಪರೀಕ್ಷಾ ಸಂಗ್ರಹಗಳು ಬೇಕು. ಹುಡುಕಾಟ ವ್ಯವಸ್ಥೆಗಳನ್ನು ಒರೆಗೆ ಹಚ್ಚಲು 1992ರಿಂದ ನಡೆಯುತ್ತಿರುವ ಟ್ರೆಕ್ ಸಮ್ಮೇಳನ ಇಂಥ ಸಂಗ್ರಹಗಳನ್ನು ಕಟ್ಟಿಕೊಟ್ಟಿದೆ. ಸಂಶೋಧನೆ ಹೇಗೆ ಹರಡುತ್ತದೆ ಅನ್ನುವುದು ಪ್ರಶ್ನೆಯಾದರೆ ಉಲ್ಲೇಖಗಳ ಎಣಿಕೆ. ಸುಮ್ನೆ ಒಂದು ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ ಮುಗಿಸುವ ಆಸೆ ತುಂಬಾ ಜನಕ್ಕಿರುತ್ತದೆ. ದಯವಿಟ್ಟು ಬೇಡ. "ಇಂಟರ್‌ನೆಟ್ ಬಳಸುತ್ತೀರಾ? ಹೌದು, ಇಲ್ಲ" ಅನ್ನುವ ಎಣಿಕೆಯಿಂದ ಹೊಸ ತಿಳಿವು ಹುಟ್ಟುವುದಿಲ್ಲ.

ಪೈಥಾನ್ ಅಥವಾ ಆರ್, ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದನ್ನು ಕಲಿಯಿರಿ. ಸಂದರ್ಶನದಂಥ ಗುಣಾತ್ಮಕ ಸಂಶೋಧನೆ ಮಾಡುವವರಿಗೂ ಇದು ಕೈಹಿಡಿಯುತ್ತದೆ. ಪೂರ್ತಿ ಅಧ್ಯಯನಕ್ಕೆ ಇಳಿಯುವ ಮೊದಲು ಐದಾರು ಜನರೊಂದಿಗೆ ಪೈಲಟ್, ಅಂದರೆ ಸಣ್ಣ ಪ್ರಯೋಗ, ಮಾಡಿ. ನೀವು ಕೇಳಿದ್ದೊಂದು, ಅವರು ಅರ್ಥಮಾಡಿಕೊಂಡಿದ್ದೊಂದು ಅಂತ ಆಗ ಗೊತ್ತಾಗುತ್ತದೆ.

ಮನುಷ್ಯರಿಂದ ಡೇಟಾ ಪಡೆಯುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು. ಮುಂಚೆಯೇ ಅರ್ಜಿ ಹಾಕಿ. ಇದನ್ನು ಬರೀ ಕಾಗದದ ಕೆಲಸ ಅಂದುಕೊಳ್ಳಬೇಡಿ. 2006ರಲ್ಲಿ ಅಮೆರಿಕದ ಎಒಎಲ್ ಅನ್ನುವ ಇಂಟರ್‌ನೆಟ್ ಕಂಪನಿ ಸಂಶೋಧಕರಿಗೆ ನೆರವಾಗಲಿ ಅಂತ ಸುಮಾರು 6.5 ಲಕ್ಷ ಬಳಕೆದಾರರ ಎರಡು ಕೋಟಿಯಷ್ಟು ಹುಡುಕಾಟಗಳನ್ನು ಹೊರಬಿಟ್ಟಿತು. ಹೆಸರುಗಳನ್ನು ತೆಗೆದು ಬರೀ ಸಂಖ್ಯೆ ಇಟ್ಟಿದ್ದರು. ಕೆಲವೇ ದಿನಗಳಲ್ಲಿ ಪತ್ರಕರ್ತರು ಹುಡುಕಾಟದ ಪದಗಳನ್ನು ಮಾತ್ರ ನೋಡಿ ಒಬ್ಬ ಮಹಿಳೆಯ ಮನೆ ಬಾಗಿಲಿಗೆ ಹೋದರು. ಜನ ಹುಡುಕುವ ಪದಗಳಲ್ಲಿ ಅವರ ಕಾಯಿಲೆ, ಸಾಲ, ಭಯ ಎಲ್ಲ ಇರುತ್ತವೆ. ನಮ್ಮ ಕ್ಷೇತ್ರದ ಡೇಟಾ ಅಂಥದ್ದು. ಯಾರ ಬದುಕನ್ನು ಕೈಯಲ್ಲಿ ಹಿಡಿದಿದ್ದೇವೆ ಅನ್ನುವ ಎಚ್ಚರ ಯಾವಾಗಲೂ ಇರಬೇಕು.

ಇನ್ನೊಂದು ಮಾತು. ಪೂರ್ತಿ ಮಹಾಪ್ರಬಂಧವನ್ನು ಒಂದೇ ಕಂಪನಿಯ ಡೇಟಾದ ಮೇಲೆ ಕಟ್ಟಬೇಡಿ. 2023ರಲ್ಲಿ ಟ್ವಿಟರ್ ತನ್ನ ಎಪಿಐಯನ್ನು, ಅಂದರೆ ಪ್ರೋಗ್ರಾಂ ಮೂಲಕ ಡೇಟಾ ಪಡೆಯುವ ದಾರಿಯನ್ನು, ಉಚಿತವಾಗಿ ಕೊಡುವುದನ್ನು ನಿಲ್ಲಿಸಿದಾಗ ಅದನ್ನೇ ನಂಬಿದ್ದ ಸಂಶೋಧಕರು ನಡುದಾರಿಯಲ್ಲಿ ನಿಲ್ಲಬೇಕಾಯಿತು. ಎರಡನೇ ದಾರಿಯನ್ನು ಪ್ರಸ್ತಾವನೆಯಲ್ಲೇ ಬರೆದಿಡಿ.

ಹೆಜ್ಜೆ 6: ನಡುವಿನ ಮಬ್ಬು

ಒಂದು ಹಂತದಲ್ಲಿ ಏನೂ ಗೊತ್ತಾಗುತ್ತಿಲ್ಲ ಅನ್ನಿಸುತ್ತದೆ. ಓದಿದಷ್ಟೂ ಗೊಂದಲ ಜಾಸ್ತಿ. ಬೇರೆಯವರೆಲ್ಲ ಮುಂದೆ ಹೋದರು, ನನಗೆ ಇದು ಆಗುವುದಿಲ್ಲ ಅನ್ನುವ ಯೋಚನೆ. ನನಗೂ ಹಾಗೇ ಆಗಿತ್ತು. ತಿಂಗಳುಗಟ್ಟಲೆ ಒಂದು ಸಾಲೂ ಬರೆಯಲಾಗಿರಲಿಲ್ಲ.

ಆಗ ನನ್ನ ಕೈ ಹಿಡಿದದ್ದು ನಮ್ಮ ಶಾಸ್ತ್ರದ್ದೇ ಒಂದು ಸಂಶೋಧನೆ. ಅಮೆರಿಕದ ಸಂಶೋಧಕಿ ಕ್ಯಾರಲ್ ಕುಲ್ತಾವ್ 1980ರ ದಶಕದಲ್ಲಿ ವಿದ್ಯಾರ್ಥಿಗಳು ಮಾಹಿತಿ ಹುಡುಕುವಾಗ ಏನು ಯೋಚಿಸುತ್ತಾರೆ ಅನ್ನುವುದರ ಜೊತೆಗೆ ಅವರಿಗೆ ಏನು ಅನ್ನಿಸುತ್ತದೆ ಅನ್ನುವುದನ್ನೂ ಕೇಳಿದರು. ಅವರು ಆರು ಹಂತ ಗುರುತಿಸಿದರು. ವಿಷಯ ಆರಿಸಿದಾಗ ಒಂದು ಉತ್ಸಾಹ ಇರುತ್ತದೆ. ಮುಂದಿನ ಹಂತದಲ್ಲಿ, ಅಂದರೆ ಸುತ್ತಾಡಿ ಓದುವಾಗ, ಅದು ಕುಸಿಯುತ್ತದೆ. ಗೊಂದಲ, ಅನುಮಾನ ಹೆಚ್ಚುತ್ತವೆ. ನೋಟ ಒಂದು ಕಡೆ ನೆಟ್ಟ ಮೇಲೆ ಆತ್ಮವಿಶ್ವಾಸ ಮೆಲ್ಲಗೆ ವಾಪಸ್ ಬರುತ್ತದೆ. ಅಂದರೆ ಗೊಂದಲ ಬರುವುದು ನೀವು ದಡ್ಡರು ಅಂತಲ್ಲ. ಅದು ಹುಡುಕಾಟದ ಒಂದು ಹಂತ.

ಆ ಹಂತದಲ್ಲಿ ಮಾಡಬೇಕಾದ್ದು ಇನ್ನಷ್ಟು ಡೌನ್‌ಲೋಡ್ ಅಲ್ಲ. ಆ ಒಂದು ಪುಟದ ಪ್ರಶ್ನೆಯನ್ನು ಮತ್ತೆ ತೆರೆಯಿರಿ. ಈಗ ಅದನ್ನು ಹೇಗೆ ಬರೆಯುತ್ತೀರಿ? ತಿದ್ದಿ, ದಿನಾಂಕ ಹಾಕಿ ಇಡಿ. ದಿನಕ್ಕೆ ಅರ್ಧ ಗಂಟೆ ಏನಾದರೂ ಬರೆಯಿರಿ, ಕೆಟ್ಟದಾಗಿ ಬಂದರೂ ಸರಿ. ಜೊತೆಯ ಸಂಶೋಧಕರು ಮೂರು ನಾಲ್ಕು ಜನ ಸೇರಿ ವಾರಕ್ಕೊಮ್ಮೆ ಕೂತು ಒಬ್ಬರದನ್ನೊಬ್ಬರು ಓದಿ. ನಿದ್ದೆ ಹೋಗಿ, ಊಟ ಸೇರದೆ, ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ ಅದನ್ನು ಸಂಶೋಧನೆಯ ಹಂತ ಅಂದುಕೊಂಡು ಸಹಿಸಬೇಡಿ. ವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿರಿ, ಗೈಡ್‌ಗೂ ಹೇಳಿ.

ಹೆಜ್ಜೆ 7: ಹೊರಗೆ ತೋರಿಸಿ

ಮಹಾಪ್ರಬಂಧ ಮುಗಿಯುವ ತನಕ ಕಾಯದೆ ಸಣ್ಣ ತುಂಡುಗಳನ್ನು ಹೊರಗೆ ಕಳಿಸಿ. ಹುಡುಕಾಟ ವ್ಯವಸ್ಥೆಗಳಿಗೆ ಸಿಗಿರ್ ಸಮ್ಮೇಳನ, ಹುಡುಕುವ ಮನುಷ್ಯರ ಬಗೆಗಾದರೆ ಚೀರ್, ಒಟ್ಟಾರೆ ಕ್ಷೇತ್ರಕ್ಕೆ ಐಕಾನ್ಫರೆನ್ಸ್ ಮತ್ತು 1937ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಅಸಿಸ್ಟ್ ಸಂಘದ ವಾರ್ಷಿಕ ಸಭೆ ಇವೆ. ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿಯೇ ನಡೆಯುವ ಡಾಕ್ಟೋರಲ್ ಕೊಲೊಕ್ವಿಯಂಗೆ ಅರ್ಜಿ ಹಾಕಿ. ನಿಮ್ಮ ಗೈಡ್ ಅಲ್ಲದ ಹಿರಿಯರು ಅಲ್ಲಿ ನಿಮ್ಮ ಕೆಲಸ ಓದಿ ಮಾತಾಡುತ್ತಾರೆ.

ನಿಯತಕಾಲಿಕೆಗಳಲ್ಲಿ 1945ರಿಂದ ಬರುತ್ತಿರುವ ಜರ್ನಲ್ ಆಫ್ ಡಾಕ್ಯುಮೆಂಟೇಶನ್, ಅಸಿಸ್ಟ್ ಸಂಘದ ಜ್ಯಾಸಿಸ್ಟ್, ಉಲ್ಲೇಖಗಳ ಅಧ್ಯಯನಕ್ಕೆ 1978ರಲ್ಲಿ ಶುರುವಾದ ಸೈಂಟೋಮೆಟ್ರಿಕ್ಸ್ ಹೆಸರಾದವು. ಇನ್ಫರ್ಮೇಶನ್ ರಿಸರ್ಚ್ ಅನ್ನುವುದನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. "ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಹಣ ಕಳಿಸಿ" ಅನ್ನುವ ಇಮೇಲ್‌ಗಳಿಗೆ ಉತ್ತರಿಸಬೇಡಿ. ನಿಜವಾದ ಪೀರ್ ರಿವ್ಯೂಗೆ, ಅಂದರೆ ಅದೇ ಕ್ಷೇತ್ರದ ಬೇರೆ ಸಂಶೋಧಕರು ಓದಿ ಪರಿಶೀಲಿಸುವುದಕ್ಕೆ, ತಿಂಗಳುಗಳು ಹಿಡಿಯುತ್ತವೆ. ತಿರಸ್ಕಾರ ಬಂದರೆ ಎರಡು ದಿನ ಬಿಟ್ಟು ವಿಮರ್ಶೆಯನ್ನು ಮತ್ತೆ ಓದಿ. ಹೆಚ್ಚಿನ ಸಲ ಅದರಲ್ಲಿ ಮುಂದಿನ ಕರಡಿಗೆ ಬೇಕಾದ್ದು ಇರುತ್ತದೆ.

ಹೆಜ್ಜೆ 8: ಬರೆದು ಮುಗಿಸುವುದು, ವೈವಾ

ಪೀಠಿಕೆಯನ್ನು ಕೊನೆಗೆ ಬರೆಯಿರಿ. ವಿಧಾನದ ಅಧ್ಯಾಯದಿಂದ ಶುರುಮಾಡಿ. ಏನು ಮಾಡಿದಿರಿ ಅಂತ ನಿಮಗೇ ಚೆನ್ನಾಗಿ ಗೊತ್ತಿರುವುದರಿಂದ ಅದು ಬೇಗ ಸಾಗುತ್ತದೆ. ಪ್ರತಿ ಅಧ್ಯಾಯದ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳಿ: "ಇದು ನನ್ನ ಪ್ರಶ್ನೆಯ ಯಾವ ಭಾಗಕ್ಕೆ ಉತ್ತರ?" ಉತ್ತರ ಹೊಳೆಯದ ಅಧ್ಯಾಯ, ಎಷ್ಟೇ ಕಷ್ಟಪಟ್ಟು ಬರೆದಿದ್ದರೂ, ಅಲ್ಲಿ ಬೇಡ.

ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಕೆಲವು ದೇಶಗಳಲ್ಲಿ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಕೆಲವು ಕಡೆ ಎಲ್ಲರ ಎದುರು. ಎಲ್ಲಿಯಾದರೂ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಹೊಸದೇನು? ಈ ವಿಧಾನವೇ ಯಾಕೆ? ಎಲ್ಲಿ ಸೋತಿರಿ? ಮತ್ತೆ ಮಾಡಿದರೆ ಏನು ಬದಲಿಸುತ್ತೀರಿ? ಇವಕ್ಕೆ ಬಾಯಿಬಿಟ್ಟು ಜೋರಾಗಿ ಉತ್ತರ ಹೇಳಿ ಅಭ್ಯಾಸ ಮಾಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಗೊತ್ತುಮಾಡಿಕೊಳ್ಳಲು ಹೇಗೆ ಹೋಗುತ್ತಿದ್ದಿರಿ ಅಂತಲೂ ಹೇಳಿ. ವೈವಾ ಆದ ಮೇಲೆ ತಿದ್ದುಪಡಿ ಹೇಳುವುದು ತೀರಾ ಸಾಮಾನ್ಯ. ಗಾಬರಿ ಬೇಡ.

ತಿದ್ದಿ ಮುಗಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಮಹಾಪ್ರಬಂಧವನ್ನು ವಿಶ್ವವಿದ್ಯಾಲಯದ ಭಂಡಾರಕ್ಕೆ ಏರಿಸುವಾಗ ಸಾರಾಂಶ, ಕೀಪದಗಳು, ಸಂಶೋಧಕರನ್ನು ಗುರುತಿಸುವ ನಿಮ್ಮ ಆರ್ಕಿಡ್ ಸಂಖ್ಯೆ ಕೇಳುತ್ತಾರೆ. ಅವಸರದಲ್ಲಿ ತುಂಬಬೇಡಿ. ಮುಂದೆ ಇದೇ ಪ್ರಶ್ನೆ ಹೊತ್ತು ಬರುವ ಒಬ್ಬರು ಯಾವ ಪದ ಹಾಕಿ ಹುಡುಕಬಹುದು ಅಂತ ಯೋಚಿಸಿ, ಆ ಪದಗಳನ್ನು ಬರೆಯಿರಿ. ನಿಮ್ಮ ಮೊದಲ ಹುಡುಕಾಟದ ದಿನಚರಿಯನ್ನು ತೆರೆದು ನೋಡಿ. ಏನೂ ಗೊತ್ತಿಲ್ಲದಾಗ ನೀವು ಹಾಕಿದ ಪದಗಳು ಅಲ್ಲೇ ಇರುತ್ತವೆ.